ಕೊಡಗಿನಲ್ಲಿ ದೂರದ ನಡಿಗೆ: ಮೊದಲ ದಿನ ಬಸ್ ರಸ್ತೆ ಬಿಡಬೇಡಿ

ನಾಲ್ಕೈದು ದಿನ ಬೆನ್ನಿಗೆ ಬ್ಯಾಗು ಏರಿಸಿ ಕೊಡಗು ಸುತ್ತುವ ಆಸೆ, ಜೇಬು ಮಾತ್ರ ಅಷ್ಟಕ್ಕಷ್ಟೇ. ಹೀಗೆ ಹೊರಡುವ ಹುಡುಗರಲ್ಲಿ ಹೆಚ್ಚಿನವರು ಮೊದಲ ದಿನವೇ ತಡಿಯಂಡಮೋಳ್ ಹತ್ತಿಬಿಡೋಣ ಎನ್ನುತ್ತಾರೆ. 1,748 ಮೀಟರ್ ಎತ್ತರದ ಆ ಬೆಟ್ಟ ಕೊಡಗಿನಲ್ಲೇ ದೊಡ್ಡದು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲ ದಿನ ಏನಾದರೊಂದು ಕೈಕೊಡದೇ ಇರುವುದಿಲ್ಲ. ಶೂ ಕಚ್ಚುತ್ತದೆ, ಬ್ಯಾಗಿನ ಪಟ್ಟಿ ಹೆಗಲು ಕೊರೆಯುತ್ತದೆ, ಜೊತೆಗಾರನಿಗೆ ಮಂಡಿ ಹಿಡಿದುಕೊಳ್ಳುತ್ತದೆ. ಇದು ಕಾಡಿನ ದಾರಿಯಲ್ಲಿ ಆದರೆ ಜೀಪಿನವರು ಕೇಳಿದಷ್ಟು ಕೊಡಬೇಕು. ಬಸ್ ಓಡಾಡುವ ರಸ್ತೆಯಲ್ಲಿ ಆದರೆ ಟಿಕೆಟ್ ದುಡ್ಡಿನಲ್ಲಿ ಮುಗಿಯಿತು.

ಈ ಲೆಕ್ಕಕ್ಕೆ ಹೊಂದುವ ದಾರಿ ಭಾಗಮಂಡಲದಿಂದ ತಲಕಾವೇರಿಗೆ ಹೋಗುವ 8 ಕಿ.ಮೀ. ಏರು ರಸ್ತೆ. ಮೇಲೆ ಹೋಗಿ, ಕಾಲು ಒಪ್ಪಿದರೆ ನಡೆದೇ ಇಳಿದು, ಭಾಗಮಂಡಲದಲ್ಲೇ ಮಲಗುವುದು. ಮರುದಿನದಿಂದ ಅಯ್ಯಂಗೇರಿ, ನಾಪೋಕ್ಲು, ಕಕ್ಕಬ್ಬೆ ಎಂದು ಮುಂದುವರಿಯಬಹುದು.

ಯಾವಾಗ, ಹೇಗೆ ತಲುಪುವುದು

ನವೆಂಬರ್‌ನಿಂದ ಜನವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ತ್ರಿವೇಣಿ ಸಂಗಮ ಉಕ್ಕಿ ಭಾಗಮಂಡಲಕ್ಕೇ ನೀರು ನುಗ್ಗುವುದುಂಟು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟವೇ ಕುಸಿದಿತ್ತು. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ತಲಕಾವೇರಿಯ ಕುಂಡಿಕೆಯಲ್ಲಿ ನೀರು ಉಕ್ಕುವ ತೀರ್ಥೋದ್ಭವ ನೋಡಲು ಜನ ಕಿಕ್ಕಿರಿಯುತ್ತಾರೆ. ಭಕ್ತಿಯಿಂದ ಹೋಗುವವರು ಹೋಗಲಿ, ನಡಿಗೆಗೆ ಆ ವಾರ ಬೇಡ. ಶನಿವಾರ, ಭಾನುವಾರವೂ ಬೇಡ. ಬೆಂಗಳೂರಿನ ಕಾರುಗಳೆಲ್ಲ ಅವತ್ತೇ ಬರುವುದರಿಂದ ರೂಮಿನ ಬಾಡಿಗೆ ಏರುತ್ತದೆ, ತಿರುವು ರಸ್ತೆಯಲ್ಲಿ ನಡೆಯುವವನಿಗೆ ಜಾಗವೂ ಇರುವುದಿಲ್ಲ. ಮಂಗಳವಾರ, ಬುಧವಾರ ಹೋಗಿ ನೋಡಿ, ಅದೇ ರಸ್ತೆ ಬೇರೆಯೇ ಆಗಿರುತ್ತದೆ.

ಕೊಡಗಿಗೆ ರೈಲಿಲ್ಲ. ಮೈಸೂರಿಗೆ ಬಂದು ಅಲ್ಲಿಂದ ಮಡಿಕೇರಿ, ಮಡಿಕೇರಿಯಿಂದ ಭಾಗಮಂಡಲದ ಬಸ್ಸು. ಕೆಂಪು ಬಸ್ಸು ಹಿಡಿಯಿರಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಇದರಲ್ಲಿ ಪುಕ್ಕಟೆ ಪ್ರಯಾಣ, ಆಧಾರ್ ಕಾರ್ಡ್ ಜೊತೆಗಿದ್ದರೆ ಸಾಕು. ರಾಜಹಂಸ, ಐರಾವತಗಳಲ್ಲಿ ಇದು ನಡೆಯದು. ರಾತ್ರಿ ಬಸ್ಸಿನಲ್ಲಿ ಬಂದರೆ ಒಂದು ದಿನದ ರೂಮು ಉಳಿಯಿತು ಎನ್ನುವವರಿದ್ದಾರೆ. ನನಗೆ ಆ ಉಳಿತಾಯದಲ್ಲಿ ನಂಬಿಕೆಯಿಲ್ಲ. ನಿದ್ದೆಗೆಟ್ಟವನು ಬೆಳಿಗ್ಗೆ ಎರಡು ಕಾಫಿ, ಮಧ್ಯಾಹ್ನ ಒಂದು ಆಟೋ ಎಂದು ಅಷ್ಟನ್ನೂ ಖರ್ಚು ಮಾಡಿಯೇ ತೀರುತ್ತಾನೆ. ಹಿಂದಿನ ಸಂಜೆಗೇ ಭಾಗಮಂಡಲ ಸೇರಿ, ಸಣ್ಣ ಲಾಡ್ಜೋ ಹೋಂಸ್ಟೇಯೋ ನೋಡಿ ಎರಡು ರಾತ್ರಿಗೆ ಒಟ್ಟಿಗೇ ಮಾತಾಡಿದರೆ ಬಾಡಿಗೆಯಲ್ಲಿ ಸ್ವಲ್ಪ ಇಳಿಸುತ್ತಾರೆ.

ಟೆಂಟ್ ಹಾಕಿ ರೂಮಿನ ದುಡ್ಡು ಉಳಿಸುವ ಯೋಚನೆ ಇಲ್ಲಿ ನಡೆಯುವುದಿಲ್ಲ. ಸುತ್ತಲ ಕಾಡು ತಲಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು, ಉಳಿದದ್ದು ಯಾರದೋ ಕಾಫಿ ತೋಟ. ಎರಡೂ ಕಡೆ ಆನೆ ಬರುತ್ತದೆ.

ಬ್ಯಾಗು ಮತ್ತು ಕಾಲು

ಹೊಸದೇನೂ ಕೊಳ್ಳಬೇಡಿ. ಕಾಲೇಜಿನ ಬ್ಯಾಗೇ ಆದೀತು, ಪಟ್ಟಿ ಅಗಲವಾಗಿರಲಿ. ಒಳಗೆ ದಪ್ಪನೆಯ ಪ್ಲಾಸ್ಟಿಕ್ ಚೀಲವನ್ನು ಹರವಿ ಬಟ್ಟೆ ತುಂಬಿದರೆ ರೇನ್ ಕವರ್ ಬೇಕಿಲ್ಲ. 60 ಕೆ.ಜಿ. ತೂಗುವವರು ನೀರೂ ಸೇರಿ 8 ಕೆ.ಜಿ. ದಾಟಿಸದಿದ್ದರೆ ಒಳ್ಳೆಯದು. ಭಾರದ ಸಾಮಾನು ಬೆನ್ನಿಗೆ ಅಂಟಿಕೊಂಡಂತೆ, ನಡುವಿನಲ್ಲಿರಲಿ. ತಳದಲ್ಲಿಟ್ಟರೆ ಬ್ಯಾಗು ಹಿಂದಕ್ಕೆ ಜಗ್ಗುತ್ತದೆ.

ಶೂ ಹಳೆಯದಿರಬೇಕು, ಆದರೆ ತಳ ಸವೆದಿರಬಾರದು. ತೋಟದ ಕೆಲಸದವರ ಗಮ್‌ಬೂಟು ನೋಡಿ ಅಗ್ಗವೆಂದು ಕೊಳ್ಳುವವರಿದ್ದಾರೆ. ಟಾರು ರಸ್ತೆಯಲ್ಲಿ ದಿನವಿಡೀ ನಡೆದರೆ ಅದರಲ್ಲಿ ಕಾಲು ಬೇಯುತ್ತದೆ.

ಈ ದಿನ ಕಲಿಯಬೇಕಾದ ಮುಖ್ಯ ಕೆಲಸವೆಂದರೆ ಕಾಲಿನಲ್ಲಿ ಬೊಬ್ಬೆ (ನೀರುಗುಳ್ಳೆ) ಏಳುವ ಮೊದಲೇ ನಿಲ್ಲುವುದು. ಹಿಮ್ಮಡಿಯಲ್ಲೋ ಹೆಬ್ಬೆರಳಿನ ಬದಿಯಲ್ಲೋ ಮೊದಲು ಬೆಚ್ಚಗೆ ಉಜ್ಜಿದಂತೆ ಆಗುತ್ತದೆ. ಇನ್ನೊಂದು ತಿರುವು ದಾಟಿ ನೋಡೋಣ ಎನ್ನಬೇಡಿ. ಅಲ್ಲೇ ಕಟ್ಟೆಯ ಮೇಲೆ ಕುಳಿತು ಶೂ ಬಿಚ್ಚಿ, ಸಾಕ್ಸ್ ತಿರುವಿ ಒಳಗೆ ಮರಳಿನ ಕಣವೇನಾದರೂ ಇದೆಯೇ ನೋಡಿ. ಬೆವರು ಪೂರ್ತಿ ಒರೆಸಿ, ಚರ್ಮ ಆರುವವರೆಗೆ ಕಾಯಿರಿ. ಮೆಡಿಕಲ್ ಶಾಪಿನ ಬಟ್ಟೆಯ ಟೇಪನ್ನು ಕೆಂಪಾದ ಜಾಗಕ್ಕಿಂತ ಎರಡು ಬೆರಳು ಅಗಲ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ (ಚೂಪು ಮೂಲೆ ಸಾಕ್ಸಿಗೆ ಸಿಕ್ಕಿ ಏಳುತ್ತದೆ), ಒಂದು ಸುಕ್ಕೂ ಬಾರದಂತೆ ಒತ್ತಿ. ಸುಕ್ಕಿದ್ದರೆ ಅದೇ ಇನ್ನೊಂದು ಬೊಬ್ಬೆ ಎಬ್ಬಿಸುತ್ತದೆ. ಹತ್ತು ನಿಮಿಷದ ಈ ಕೆಲಸ ಮುಂದಿನ ನಾಲ್ಕು ದಿನವನ್ನು ಉಳಿಸುತ್ತದೆ.

ಮಳೆ ಹಿಂದೆಗೆದ ಹೊಸತರಲ್ಲಿ ಹುಲ್ಲಿನಲ್ಲಿ ಇಂಬಳ (ಜಿಗಣೆ) ಇರುತ್ತದೆ. ಉಪ್ಪಿನ ಸಣ್ಣ ಗಂಟು ಕಟ್ಟಿ, ನೀರಲ್ಲಿ ಅದ್ದಿ ಇಂಬಳಕ್ಕೆ ತಾಗಿಸಿ, ತಾನೇ ಬಿಡುತ್ತದೆ. ಕಿತ್ತು ಎಳೆಯಬೇಡಿ. ಅದರ ಜೊಲ್ಲಿನ ಅಂಶ ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ ಸುಮಾರು ಹೊತ್ತು ಒಸರುತ್ತಿರುತ್ತದೆ. ತೊಳೆದು ಒತ್ತಿ ಹಿಡಿದರಾಯಿತು.

ಹೊರಡುವುದು

ಮಂಜು ಸರಿದ ಮೇಲೆ, ಏಳೂವರೆ ಎಂಟರ ಹೊತ್ತಿಗೆ ಹೊರಡಿ. ಮಸುಕಿನಲ್ಲಿ ಆನೆಯೂ ಕಾಣದು, ಎದುರಿನ ಡ್ರೈವರಿಗೆ ನೀವೂ ಕಾಣುವುದಿಲ್ಲ. ಊರವರ ಪದ್ಧತಿಯಂತೆ ಮೊದಲು ಸಂಗಮ, ಆಮೇಲೆ ಭಗಂಡೇಶ್ವರ ದೇವಸ್ಥಾನ, ಅನಂತರ ತಲಕಾವೇರಿ. ರಸ್ತೆಯ ಬಲಬದಿಯಲ್ಲಿ, ವಾಹನಕ್ಕೆ ಮುಖ ಮಾಡಿ ನಡೆಯಿರಿ. ಬಲಕ್ಕೆ ತಿರುಗುವ ಕುರುಡು ತಿರುವಿನಲ್ಲಿ ಮಾತ್ರ ಮೊದಲೇ ಎಡಕ್ಕೆ ದಾಟಿಕೊಳ್ಳಿ, ಒಳಬದಿಯಲ್ಲಿ ಬರುವ ಬಸ್ಸಿಗೆ ಬೆಟ್ಟ ಅಡ್ಡವಾಗಿರುತ್ತದೆ.

ಉಸಿರು ಕಟ್ಟದೆ ಮಾತಾಡಿಕೊಂಡು ಹೋಗುವಷ್ಟೇ ವೇಗ ಸಾಕು, ಬ್ಯಾಗಿನೊಂದಿಗೆ ಮೂರು ಗಂಟೆ ಹಿಡಿಯಬಹುದು. ಈ ಸೀಮೆಯಲ್ಲಿ ಅರೆಭಾಷೆ ಆಡುವವರು ಹೆಚ್ಚು, ಕನ್ನಡ ಎಲ್ಲರಿಗೂ ಬರುತ್ತದೆ. ದಾರಿ ಕೇಳಿದರೆ “ಇಲ್ಲೇ ಹತ್ತಿರ” ಎನ್ನುತ್ತಾರೆ. ಬೆಟ್ಟ ಹತ್ತಿ ಬೆಳೆದವರ ಹತ್ತಿರ ನಮ್ಮದಲ್ಲ. “ನಡೆದರೆ ಎಷ್ಟು ಹೊತ್ತಾಗ್ತದೆ ಅಣ್ಣ?” ಎಂದು ಕೇಳಿ, ಅವರು ಹೇಳಿದ್ದಕ್ಕೆ ಅರ್ಧ ಸೇರಿಸಿಕೊಳ್ಳಿ.

ತಲಕಾವೇರಿ 1,276 ಮೀಟರ್ ಎತ್ತರದಲ್ಲಿದೆ. ಸುಮಾರು 800 ಕಿ.ಮೀ. ಹರಿಯುವ ನದಿ ಇಲ್ಲಿ ಒಂದು ಸಣ್ಣ ಕುಂಡಿಕೆ, ಅದರ ಮುಂದೆ ಒಂದು ಕೊಳ. ದೇವಸ್ಥಾನಕ್ಕೆ ಚಡ್ಡಿ ಸರಿಯಲ್ಲ, ಒಂದು ಪಂಚೆ ಬ್ಯಾಗಿನಲ್ಲಿರಲಿ. ರಾತ್ರಿ ಹೊದೆಯಲೂ ಅದೇ, ಮೈ ಒರೆಸಲೂ ಅದೇ.

ಊಟ, ದುಡ್ಡು

ಬಸ್ ಚಾರ್ಜು ಬಿಟ್ಟು ದಿನಕ್ಕೆ ಇಷ್ಟೇ ಎಂದು ನಗದು ಎಣಿಸಿ ಬೇರೆ ಕವರಿನಲ್ಲಿಡಿ. ಬೆಟ್ಟದ ಮರೆಯಲ್ಲಿ ಸಿಗ್ನಲ್ ಹೋದರೆ ಫೋನ್‌ಪೇ ಎಂಬುದೂ ಹೋಯಿತು. ಹತ್ತು, ಇಪ್ಪತ್ತರ ಚಿಲ್ಲರೆ ಬೇಕು. ದಾರಿಗೆ ಅವಲಕ್ಕಿ, ಬೆಲ್ಲ, ಹುರಿಗಡಲೆ, ಬಾಳೆಹಣ್ಣು. ಮೇಲೆ ಹೋಗಿ ಬೇಗ ಇಳಿದರೆ ಭಾಗಮಂಡಲದ ದೇವಸ್ಥಾನದಲ್ಲಿ ಮಧ್ಯಾಹ್ನದ ಅನ್ನಸಂತರ್ಪಣೆ ಸಿಕ್ಕೀತು. ಉಂಡ ಮೇಲೆ ಹುಂಡಿಗೆ ಕೈಲಾದಷ್ಟು ಹಾಕಿ. ಪುಕ್ಕಟೆ ಊಟ ಎಂದು ವಿಡಿಯೊ ಮಾಡುವವರನ್ನು ಕಂಡರೆ ನನಗೆ ಮುಜುಗರ. ಉಳಿಸಿದ ದುಡ್ಡಿನಲ್ಲಿ ರಾತ್ರಿ ಬಿಸಿ ಅಕ್ಕಿ ರೊಟ್ಟಿಯೋ ಕಡಂಬುಟ್ಟೋ (ಅಕ್ಕಿ ತರಿಯ ಕಡುಬು) ಹೊಟ್ಟೆ ತುಂಬ ತಿನ್ನಿ, ಅಲ್ಲಿ ಕಂಜೂಸಿತನ ಬೇಡ.

ಸಂಜೆ

ನಾಲ್ಕೂವರೆಯೊಳಗೆ ರೂಮು ಸೇರಿ. ಸಾಕ್ಸ್ ಒಗೆದು ಹಿಂಡಿ, ಒಣ ಟವೆಲಿನಲ್ಲಿ ಸುತ್ತಿ ತುಳಿದರೆ ಬೆಳಗಾಗುವಷ್ಟರಲ್ಲಿ ಆರುತ್ತದೆ. ತಡಿಯಂಡಮೋಳ್ ಚಾರಣಕ್ಕೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಿದ್ದರೆ ಆ ಚೀಟಿಯನ್ನು ಸಿಗ್ನಲ್ ಇರುವಾಗಲೇ ಫೋನಿನಲ್ಲಿ ಉಳಿಸಿಕೊಳ್ಳಿ. ಮಾಡಿರದಿದ್ದರೆ ಆ ಬೆಟ್ಟದ ಬುಡದಲ್ಲಿ 1792ರಲ್ಲಿ ಕಟ್ಟಿದ ನಾಲ್ಕುನಾಡು ಅರಮನೆಯವರೆಗೆ ಹೋಗಿ ಬಂದರೂ ನಷ್ಟವಿಲ್ಲ.

ಕೊನೆಗೆ ಬ್ಯಾಗು ಪೂರ್ತಿ ಮಂಚದ ಮೇಲೆ ಸುರುವಿ. ಇವತ್ತು ಮುಟ್ಟದ್ದನ್ನೆಲ್ಲ ಒಂದು ಕಡೆ ಮಾಡಿ. ಔಷಧಿ, ಟಾರ್ಚು, ಬೆಚ್ಚನೆಯ ಅಂಗಿ ಮಾತ್ರ ವಾಪಸ್ ಒಳಗೆ. ಜೀನ್ಸು, ಎರಡನೇ ಪವರ್‌ಬ್ಯಾಂಕು, ಓದಲು ತಂದ ದಪ್ಪ ಪುಸ್ತಕ ಮನೆಗೆ ಹೋಗಲಿ. ಪವರ್‌ಬ್ಯಾಂಕನ್ನು ಅಂಚೆಯಲ್ಲಿ ಒಪ್ಪುವುದು ಕಷ್ಟ, ಊರಿಗೆ ಮರಳುವ ಪರಿಚಯದವರು ಸಿಕ್ಕರೆ ಕೊಡಿ. ಉಳಿದದ್ದನ್ನು ಬೆಳಿಗ್ಗೆ ಅಂಚೆ ಕಚೇರಿ ತೆರೆದ ಮೇಲೆ ಪಾರ್ಸೆಲ್ ಮಾಡಿ. ಅದಕ್ಕಾಗಿ ಎರಡನೇ ದಿನ ತಡವಾಗಿ ಹೊರಟರೂ ಚಿಂತೆಯಿಲ್ಲ, ನಾಪೋಕ್ಲು ಕಡೆಯ ರಸ್ತೆಯಲ್ಲೂ ಬಸ್ಸಿದೆ.