ಮನೆ ಬದಲಿಸುವಾಗ ಫ್ರಿಜ್ ಸಾಗಿಸುವ ಬಗೆ

ಮನೆ ಬದಲಿಸುವ ದಿನ ಕಪಾಟು, ಮಂಚ, ಮೇಜುಗಳ ಸಾಲಿನಲ್ಲಿಯೇ ಫ್ರಿಜ್ಜನ್ನೂ ನಿಲ್ಲಿಸಿ, ಅವುಗಳಂತೆಯೇ ಎತ್ತಿ, ವಾಲಿಸಿ, ಗಾಡಿಯಲ್ಲಿ ಜಾಗ ಸಿಕ್ಕಂತೆ ಮಲಗಿಸಿಬಿಡುವುದು ವಾಡಿಕೆ. ಕಪಾಟಿಗೆ ಇದರಿಂದ ಹೆಚ್ಚೆಂದರೆ ಒಂದು ಗೀರು ಬೀಳುತ್ತದೆ. ಫ್ರಿಜ್ ಹಾಗಲ್ಲ, ಅದು ಹೊಟ್ಟೆಯಲ್ಲಿ ಎಣ್ಣೆ ಇಟ್ಟುಕೊಂಡಿರುವ ಯಂತ್ರ. ದಾರಿಯಲ್ಲಿ ಎಲ್ಲಿಯೂ ತಾಗದೆ, ಹೊರಗೆ ಒಂದು ಗೀರೂ ಇಲ್ಲದೆ ಬಂದ ಫ್ರಿಜ್ ಕೂಡ ಹೊಸ ಮನೆಯಲ್ಲಿ ಅವಸರದಿಂದ ಸ್ವಿಚ್ ಹಾಕಿದ ಕಾರಣಕ್ಕೆ ಕೆಡಬಹುದು. ಆದ್ದರಿಂದ ಈ ಕೆಲಸಕ್ಕೆ ಹಗ್ಗ, ಕಂಬಳಿ, ತೋಳ್ಬಲಗಳ ಜೊತೆಗೆ ಸಮಯವನ್ನೂ ಎತ್ತಿಡಬೇಕು: ಹೊರಡುವ ಮುನ್ನ ಒಂದು ದಿನ, ತಲುಪಿದ ಮೇಲೆ ಕೆಲವು ಗಂಟೆ.

ಫ್ರಿಜ್ಜಿನ ಹಿಂಬದಿಯ ತಳದಲ್ಲಿ ಕಾಣುವ ಕಪ್ಪು ಗಡಿಗೆಯಂಥ ಭಾಗವೇ ಕಂಪ್ರೆಸರ್. ಅದರ ಲೋಹದ ಕವಚದೊಳಗೆ ಮೋಟಾರು ಸ್ಪ್ರಿಂಗುಗಳ ಮೇಲೆ ಕುಳಿತಿರುತ್ತದೆ. ತಳದಲ್ಲಿ ನಿಂತಿರುವ ಎಣ್ಣೆಯನ್ನು ಅದು ಓಡುವಾಗ ಮೇಲಕ್ಕೆಳೆದುಕೊಂಡು ತನ್ನ ಬೇರಿಂಗುಗಳನ್ನು ನೆನೆಸಿಕೊಳ್ಳುತ್ತದೆ. ಫ್ರಿಜ್ಜನ್ನು ಮಲಗಿಸಿದಾಗ ಈ ಎಣ್ಣೆ ಕವಚದಿಂದ ಹೊರಡುವ ಕೊಳವೆಗಳಿಗೆ ಹರಿಯುತ್ತದೆ. ನಿಲ್ಲಿಸಿದ ಕೂಡಲೇ ಚಾಲೂ ಮಾಡಿದರೆ ಬೇರಿಂಗುಗಳಿಗೆ ಸಾಕಷ್ಟು ಎಣ್ಣೆ ಸಿಗುವುದಿಲ್ಲ. ಅನಿಲವನ್ನು ಒತ್ತಬೇಕಾದ ಪಿಸ್ಟನ್ನಿಗೆ ಎಣ್ಣೆಯೇ ಅಡ್ಡ ಬಂದರೆ ಕವಾಟ ಮುರಿಯಲೂಬಹುದು. ಇನ್ನು ತಂಪಿನ ಅನಿಲವನ್ನು ಅಳೆದು ಬಿಡುವ ಕ್ಯಾಪಿಲರಿ ಕೊಳವೆಯ ಒಳವ್ಯಾಸ ಸುಮಾರು ಒಂದು ಮಿಲಿಮೀಟರು ಅಥವಾ ಅದಕ್ಕೂ ಕಡಿಮೆ. ಅದರಲ್ಲಿ ಎಣ್ಣೆ ಸಿಕ್ಕಿಕೊಂಡರೆ ಮೋಟಾರು ಓಡುತ್ತಲೇ ಇದ್ದರೂ ಒಳಗೆ ತಂಪೇರುವುದಿಲ್ಲ. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಮುಖ್ಯವಾದ ಕೆಲವು ಹುಟ್ಟುವುದು ಈ ಒಂದು ಸಂಗತಿಯಿಂದ.

ಸಾಗಿಸುವ ದಿನಕ್ಕೆ ಒಂದು ವಾರ ಮೊದಲೇ ಹೊಸದಾಗಿ ತುಂಬುವುದನ್ನು ನಿಲ್ಲಿಸಿ, ಇರುವುದನ್ನು ಬಳಸಿ ಮುಗಿಸುತ್ತ ಬನ್ನಿ. ಉಳಿದ ಬೇಗ ಕೆಡುವ ಪದಾರ್ಥಗಳನ್ನು ಮಂಜುಗಡ್ಡೆ ಹಾಕಿದ ಮುಚ್ಚಳದ ಪೆಟ್ಟಿಗೆಯಲ್ಲಿ ಒಯ್ಯಬಹುದು. ತಂಪಿಲ್ಲದೆ ಎರಡು ಗಂಟೆಗೂ ಹೆಚ್ಚು ಹೊತ್ತು ಹೊರಗಿದ್ದ ಹಾಲು, ಮಾಂಸ, ಬೇಯಿಸಿದ ಅಡುಗೆಗಳನ್ನು ಮತ್ತೆ ಫ್ರಿಜ್ಜಿಗೆ ಸೇರಿಸದಿರುವುದು ಒಳಿತು. ಮನೆಯಲ್ಲಿ ಇನ್ಸುಲಿನ್‌ನಂಥ ಔಷಧಿಯಿದ್ದರೆ ಅದಕ್ಕೆ ಬೇರೆಯೇ ವ್ಯವಸ್ಥೆ ಬೇಕು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು, ಆದರೆ ಹೆಪ್ಪುಗಟ್ಟಬಾರದು. ಆದ್ದರಿಂದ ಅದನ್ನು ಮಂಜುಗಡ್ಡೆಗೆ ನೇರವಾಗಿ ತಾಗಿಸದೆ ಬಟ್ಟೆಯಲ್ಲಿ ಸುತ್ತಿಡಿ.

ಹೊರಡುವುದಕ್ಕೆ 24 ಗಂಟೆ ಮೊದಲು ಪ್ಲಗ್ ತೆಗೆದು, ಬಾಗಿಲು ತೆರೆದಿಟ್ಟು, ಒಳಗಿನ ಮಂಜು ತಾನಾಗಿ ಕರಗಲು ಬಿಡಿ. ಬೇಗ ಆಗಬೇಕೆಂದಿದ್ದರೆ ಫ್ರೀಜರಿನೊಳಗೆ ದಪ್ಪ ಬಟ್ಟೆಯ ಮೇಲೆ ಬಿಸಿನೀರಿನ ಪಾತ್ರೆ ಇಡಬಹುದು. ಚಾಕು, ಸ್ಕ್ರೂಡ್ರೈವರುಗಳಿಂದ ಮಂಜು ಕೆರೆಯುವುದು ಮಾತ್ರ ಬೇಡವೇ ಬೇಡ. ಹಲವು ಫ್ರೀಜರುಗಳ ಗೋಡೆ ತೆಳು ಅಲ್ಯೂಮಿನಿಯಮ್ಮಿನದು, ಅನಿಲ ಹರಿಯುವ ದಾರಿ ಅದರಲ್ಲಿಯೇ ಇರುತ್ತದೆ. ಒಂದೇ ಒಂದು ತೂತು ಬಿದ್ದರೂ ಫ್ರಿಜ್ ಮೂಲೆ ಸೇರಿದಂತೆ. ಕರಗಿದ ಮೇಲೆ ಒಳಭಾಗವನ್ನು, ಅದರಲ್ಲೂ ಬಾಗಿಲಿನ ರಬ್ಬರ್ ಪಟ್ಟಿಯ ಮಡಿಕೆಗಳನ್ನು, ಒರೆಸಿ ಒಣಗಿಸಿ. ತೇವ ಉಳಿದ ಫ್ರಿಜ್ಜನ್ನು ಮುಚ್ಚಿ ಎರಡು ದಿನ ಇಟ್ಟರೆ ಬರುವ ಮುಗ್ಗಲು ವಾಸನೆ ತಿಂಗಳಾದರೂ ಬಿಡುವುದಿಲ್ಲ. ನೀರಿನ ಸಂಪರ್ಕವಿರುವ ಮಾದರಿಯಾದರೆ ಮೊದಲು ಕವಾಟ ಮುಚ್ಚಿ, ಕೊಳವೆ ಬಿಚ್ಚಿ, ತೊಟ್ಟಿಯಲ್ಲಿ ಉಳಿದ ನೀರನ್ನು ಚೆಲ್ಲಬೇಕು.

ಇಷ್ಟೆಲ್ಲ ಮಾಡಿದವರೂ ಮರೆಯುವ ಒಂದು ಭಾಗವಿದೆ. ಕರಗಿದ ನೀರು ಸಣ್ಣ ಕೊಳವೆಯ ಮೂಲಕ ಇಳಿದು ಬಂದು, ಹಿಂಬದಿಯಲ್ಲಿ ಕಂಪ್ರೆಸರಿನ ನೆತ್ತಿಯ ಮೇಲಿರುವ ಪುಟ್ಟ ತಟ್ಟೆಯಲ್ಲಿ ನಿಲ್ಲುತ್ತದೆ. ಕಂಪ್ರೆಸರಿನ ಬಿಸಿಗೆ ಅದು ಆವಿಯಾಗಿ ಹೋಗುವುದರಿಂದ ಆ ತಟ್ಟೆ ಇರುವುದೇ ನಮಗೆ ಗೊತ್ತಿರುವುದಿಲ್ಲ. ನಾನೊಮ್ಮೆ ಒಳಗೆಲ್ಲ ಥಳಥಳನೆ ಒರೆಸಿ, ಇದನ್ನು ನೋಡದೆ ಹೊರಟಿದ್ದೆ. ಎರಡನೆಯ ಮಹಡಿಯ ಮೆಟ್ಟಿಲಿನಲ್ಲಿ ಫ್ರಿಜ್ ತುಸು ವಾಲಿದ್ದೇ ತಡ, ತಿಂಗಳುಗಟ್ಟಲೆ ಪಾಚಿಗಟ್ಟಿದ್ದ ನೀರು ಕೆಳಗೆ ಹೆಗಲು ಕೊಟ್ಟಿದ್ದವರ ಕತ್ತಿನೊಳಗೆ ಇಳಿಯಿತು. ಅವರು ಕೈ ಬಿಡಲಿಲ್ಲ ಎಂಬುದು ನನ್ನ ಪುಣ್ಯ. ಮೆಟ್ಟಿಲು ಒದ್ದೆಯಾಗಿ, ಉಳಿದ ದಾರಿಯನ್ನು ಒಂದೊಂದೇ ಹೆಜ್ಜೆ ಒರೆಸಿಕೊಂಡು ಇಳಿಯಬೇಕಾಯಿತು. ಆ ತಟ್ಟೆ ಹೊರಗೆ ಬರುವಂಥದ್ದಾದರೆ ತೆಗೆದು ತೊಳೆಯಿರಿ; ಇಲ್ಲವಾದರೆ ಹಳೆಯ ಬಟ್ಟೆಯಿಂದ ನೀರನ್ನು ಹೀರಿಸಿ.

ಗಾಜಿನ ಹಲಗೆ, ತರಕಾರಿ ಡಬ್ಬಿ, ಮೊಟ್ಟೆಯ ಟ್ರೇಗಳನ್ನು ತೆಗೆದು ಬೇರೆಯಾಗಿ ಸುತ್ತಿ ಒಯ್ಯಬೇಕು. ಬಾಗಿಲನ್ನು ಮುಚ್ಚಿ, ಅಗಲವಾದ ಬಟ್ಟೆಯ ಪಟ್ಟಿಯಿಂದ ಅಥವಾ ಬೆಲ್ಟಿನಿಂದ ಕಟ್ಟಿ. ಅಂಟುಪಟ್ಟಿಯನ್ನು ಬಣ್ಣದ ಮೇಲೆ ನೇರವಾಗಿ ಹಚ್ಚಿದರೆ ಕೀಳುವಾಗ ಅಂಟೋ ಬಣ್ಣವೋ ಯಾವುದಾದರೊಂದು ಹಾಳಾಗುತ್ತದೆ. ವಿದ್ಯುತ್ ತಂತಿಯನ್ನು ಸುರುಳಿ ಸುತ್ತಿ ಬೆನ್ನಿನ ಮೇಲ್ಭಾಗಕ್ಕೆ ಬಿಗಿಯಿರಿ, ಇಲ್ಲದಿದ್ದರೆ ಅದು ಯಾರ ಕಾಲಿಗಾದರೂ ತೊಡರುತ್ತದೆ.

ಅಳತೆಯನ್ನು ಎರಡೂ ಮನೆಗಳಲ್ಲಿ ತೆಗೆಯಬೇಕು. ಹೊಸ ಮನೆಯಲ್ಲಿ ಫ್ರಿಜ್ ಕೂರುವ ಜಾಗವನ್ನು ಎಲ್ಲರೂ ಅಳೆಯುತ್ತಾರೆ. ಅಲ್ಲಿಗೆ ಹೋಗುವ ದಾರಿಯನ್ನು ಅಳೆಯುವವರು ಕಡಿಮೆ. ಬಾಗಿಲಿನ ಚೌಕಟ್ಟುಗಳ ಒಳಅಗಲ, ಮೆಟ್ಟಿಲಿನ ತಿರುವು, ಲಿಫ್ಟಿನ ಬಾಗಿಲು ಇವೆಲ್ಲವನ್ನೂ ಫ್ರಿಜ್ಜಿನ ಅಗಲ ಮತ್ತು ಆಳದೊಂದಿಗೆ ಹೋಲಿಸಿ ನೋಡಿ. ಬಾಗಿಲಿನ ಹಿಡಿ ಹೊರಚಾಚಿದ್ದರೆ ಅದನ್ನೂ ಅಳತೆಗೆ ಸೇರಿಸಬೇಕು.

ಎತ್ತುವ ವಿಷಯಕ್ಕೆ ಬಂದರೆ, ಇಬ್ಬರಿಗಿಂತ ಕಡಿಮೆ ಜನ ಕೈ ಹಾಕಬಾರದು. ಎರಡು ಬಾಗಿಲು ಅಕ್ಕಪಕ್ಕ ಇರುವ ದೊಡ್ಡ ಫ್ರಿಜ್ಜುಗಳು 100 ಕಿಲೋ ದಾಟುವುದೂ ಉಂಟು, ಅವಕ್ಕೆ ನಾಲ್ಕು ಜನರಾದರೂ ಬೇಕು. ಬಾಗಿಲಿನ ಹಿಡಿಯನ್ನಾಗಲಿ, ಹಿಂಬದಿಯ ಕೊಳವೆಗಳನ್ನಾಗಲಿ ಹಿಡಿದು ಎತ್ತಬೇಡಿ. ಎರಡು ಚಕ್ರದ ಕೈಗಾಡಿ ಸಿಕ್ಕರೆ, ಫ್ರಿಜ್ಜಿನ ಪಕ್ಕದ ಗೋಡೆ ಗಾಡಿಗೆ ಒರಗುವಂತೆ ಇಟ್ಟು, ನಡುವೆ ಕಂಬಳಿ ಕೊಟ್ಟು, ಬೆಲ್ಟು ಬಿಗಿದು, ನಡೆಸಲು ಬೇಕಾದಷ್ಟೇ ವಾಲಿಸಿ. ವಾಲು 45 ಡಿಗ್ರಿ ಮೀರದಿದ್ದರೆ ಒಳ್ಳೆಯದು. ಭಾರವೆಲ್ಲ ತಳದ ಹಿಂಭಾಗದಲ್ಲಿ ಇರುವುದರಿಂದ ಮೆಟ್ಟಿಲಿನಲ್ಲಿ ಕೆಳಗೆ ನಿಂತವರ ಪಾಲಿಗೆ ಹೆಚ್ಚು ಹೊರೆ ಬೀಳುತ್ತದೆ. ಗಟ್ಟಿಗರು ಅಲ್ಲಿರಲಿ, ಮೇಲಿರುವವರು ಕೈಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಲಿ. ‘ಎತ್ತು’, ‘ನಿಲ್ಲು’ ಎನ್ನುವ ಮಾತು ಒಬ್ಬರ ಬಾಯಿಂದ ಮಾತ್ರ ಬರಬೇಕು. ನಾಲ್ವರೂ ಸೂಚನೆ ಕೊಡತೊಡಗಿದರೆ ಬೆರಳು ಜಜ್ಜುವುದು ಖಚಿತ.

ಗಾಡಿಯಲ್ಲಿ ಫ್ರಿಜ್ ನೆಟ್ಟಗೆ ನಿಲ್ಲಬೇಕು. ಚಾಲಕನ ಹಿಂದಿನ ಗೋಡೆಗೆ ಒತ್ತಾಗಿ ಇರಿಸಿ, ಕಂಬಳಿ ಹೊದಿಸಿ, ಮೇಲ್ಭಾಗಕ್ಕೊಂದು ಕೆಳಭಾಗಕ್ಕೊಂದು ಎಂದು ಎರಡು ಕಡೆ ಕಟ್ಟಿ, ನಂತರ ಕೈಯಿಂದ ದೂಡಿ ನೋಡಿ. ತುಸು ಅಲುಗಾಡಿದರೂ ಕಟ್ಟು ಸಾಲದು. ಗಾಡಿ ಗಿಡ್ಡವಾಗಿದ್ದು ಮಲಗಿಸದೆ ಗತಿಯಿಲ್ಲವೆಂದಾದರೆ, ಅದರ ಕೈಪಿಡಿ ಏನು ಹೇಳುತ್ತದೆಂದು ಮೊದಲು ನೋಡಿ, ಕೆಲವು ಮಾದರಿಗಳನ್ನು ಮಲಗಿಸಲೇಬಾರದು. ಮಲಗಿಸಬಹುದಾದರೆ ಪಕ್ಕಕ್ಕೆ ಮಲಗಿಸಿ. ಬೆನ್ನಿನ ಮೇಲಾಗಲಿ ಬಾಗಿಲಿನ ಮೇಲಾಗಲಿ ಬೇಡ. ಕಂಪ್ರೆಸರಿನಿಂದ ಕೊಳವೆಗಳು ಹೊರಡುವ ಮಗ್ಗುಲು ಮೇಲ್ಮುಖವಾಗಿದ್ದರೆ ಎಣ್ಣೆ ಅವುಗಳಿಗೆ ಇಳಿಯುವುದು ಕಡಿಮೆಯಾಗುತ್ತದೆ. ಅದರ ಮೇಲೆ ಬೇರೆ ಸಾಮಾನು ಹೇರಬೇಡಿ.

ಹೊಸ ಮನೆಯಲ್ಲಿ ಫ್ರಿಜ್ಜನ್ನು ಅದರ ಜಾಗದಲ್ಲಿ ನಿಲ್ಲಿಸಿದ ಮೇಲೆ, ಪ್ಲಗ್ ಹಾಕುವ ಕೈಯನ್ನು ತಡೆಯಬೇಕು. ದಾರಿಯುದ್ದಕ್ಕೂ ನೆಟ್ಟಗೆ ಬಂದಿದ್ದರೆ ಎರಡರಿಂದ ನಾಲ್ಕು ಗಂಟೆ ಸಾಕು. ಮಲಗಿಸಿ ತಂದಿದ್ದರೆ ಎಷ್ಟು ಹೊತ್ತು ಮಲಗಿತ್ತೋ ಕನಿಷ್ಠ ಅಷ್ಟು ಹೊತ್ತು ನಿಲ್ಲಲಿ. ಲೆಕ್ಕ ತಪ್ಪಿದ್ದರೆ, ಅಥವಾ ಇಡೀ ದಿನ ಮಲಗಿದ್ದರೆ, 24 ಗಂಟೆ ಬಿಡುವುದೇ ಲೇಸು. ಈ ಬಿಡುವಿನಲ್ಲಿ ಮಾಡುವ ಕೆಲಸಗಳಿವೆ. ಮುಂದಿನ ಪಾದಗಳನ್ನು ತಿರುಗಿಸಿ ಮುಂಭಾಗ ಕೂದಲೆಳೆಯಷ್ಟು ಎತ್ತರವಾಗುವಂತೆ ಮಾಡಿದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಕೈಪಿಡಿಯಲ್ಲಿ ಹೇಳಿದಷ್ಟು ಜಾಗವನ್ನು ಹಿಂದೆ, ಪಕ್ಕಕ್ಕೆ ಮತ್ತು ಮೇಲೆ ಬಿಡಿ. ಹಲವು ಹೊಸ ಫ್ರಿಜ್ಜುಗಳು ಶಾಖವನ್ನು ಪಕ್ಕದ ಗೋಡೆಗಳ ಮೂಲಕವೇ ಹೊರಹಾಕುತ್ತವೆ, ಹೀಗಾಗಿ ಆ ಗೋಡೆ ಮುಟ್ಟಿದಾಗ ಬೆಚ್ಚಗಿದ್ದರೆ ಗಾಬರಿಯಾಗಬೇಕಿಲ್ಲ.

ಹಿಂಬದಿಯ ಕೊಳವೆಗಳನ್ನು ಒಮ್ಮೆ ಟಾರ್ಚ್ ಹಾಕಿ ಪರೀಕ್ಷಿಸಿ. ಈಗಿನ ಅನೇಕ ಫ್ರಿಜ್ಜುಗಳಲ್ಲಿ ಆರ್-600ಎ ಎಂಬ ಐಸೋಬ್ಯುಟೇನ್ ಅನಿಲವಿರುತ್ತದೆ. ಪ್ರಮಾಣ ಕೆಲವೇ ಹತ್ತು ಗ್ರಾಮುಗಳಾದರೂ ಅದು ಹೊತ್ತಿಕೊಳ್ಳುವಂಥದ್ದು, ಅಡುಗೆ ಅನಿಲದಂತೆ ವಾಸನೆಯಿಂದ ಎಚ್ಚರಿಸುವುದೂ ಇಲ್ಲ. ಕೊಳವೆ ಮುರಿದಿದ್ದರೆ ಅಥವಾ ಎಣ್ಣೆಯ ಜಿಡ್ಡು ಕಂಡರೆ ಕಿಟಕಿ ತೆರೆದು, ಬೆಂಕಿ ಹಚ್ಚದೆ, ಹತ್ತಿರದ ಸ್ವಿಚ್ ಒತ್ತದೆ, ತಂತ್ರಜ್ಞರನ್ನು ಕರೆಸಿ.

ಎಲ್ಲ ಸರಿಯಿದ್ದರೆ ಅರ್ತಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟಿಗೆ ನೇರವಾಗಿ ಪ್ಲಗ್ ಹಾಕಿ, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಹಾಕಿ ತೆಗೆದು ಮಾಡಬೇಡಿ. ಒಮ್ಮೆ ಆರಿಸಿದರೆ ಒಳಗಿನ ಒತ್ತಡ ಸಮವಾಗಲು ಐದು ನಿಮಿಷವಾದರೂ ಬಿಡಬೇಕು. ಖಾಲಿಯಾಗಿಯೇ ಓಡಿಸಿ, ಕೆಳಗಿನ ಭಾಗ 4 ಡಿಗ್ರಿಗೂ ಫ್ರೀಜರ್ ಮೈನಸ್ 18 ಡಿಗ್ರಿಗೂ ಇಳಿದ ಮೇಲೆ ತುಂಬಿಸಿ. ಇದಕ್ಕೆ ಕೆಲವು ಗಂಟೆಗಳಿಂದ ಒಂದು ದಿನದವರೆಗೂ ಬೇಕಾಗಬಹುದು. ಮರುದಿನವೂ ತಂಪು ಸಾಲದೆನಿಸಿದರೆ ದುರಸ್ತಿಯವರನ್ನು ಕರೆಯುವ ಮೊದಲು ಒಂದು ಕಾಗದದ ಚೀಟಿಯನ್ನು ಬಾಗಿಲಿನ ಸಂದಿಯಲ್ಲಿ ಸಿಕ್ಕಿಸಿ ಎಳೆದು ನೋಡಿ. ಬಿಗಿಯಾಗಿ ಹಿಡಿದರೆ ಸರಿ. ಸಲೀಸಾಗಿ ಜಾರಿ ಬಂದರೆ ಕಟ್ಟಿದ ಬೆಲ್ಟಿನ ಒತ್ತಡಕ್ಕೆ ರಬ್ಬರ್ ಪಟ್ಟಿ ಆ ಜಾಗದಲ್ಲಿ ಚಪ್ಪಟೆಯಾಗಿದೆ ಎಂದರ್ಥ, ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಅಲ್ಲಿ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅದು ಬಹುಮಟ್ಟಿಗೆ ಮತ್ತೆ ಉಬ್ಬಿಕೊಳ್ಳುತ್ತದೆ.