ಅಂತರಗಂಗೆಯಿಂದ ಕೆಜಿಎಫ್ ದಿಬ್ಬಗಳವರೆಗೆ: ಒಂದು ದಿನದ ಸುತ್ತು

ಕೋಲಾರದ ಕಡೆ ಬೈಕ್ ತಿರುಗಿಸುವವರು ಸಾಮಾನ್ಯವಾಗಿ ಮೊದಲು ಕೆಜಿಎಫ್ ನೋಡಿ, ಬರುವಾಗ ಅಂತರಗಂಗೆ ಹತ್ತೋಣ ಅಂದುಕೊಳ್ಳುತ್ತಾರೆ. ನಾನು ಹಾಕುವ ದಾರಿ ಇದಕ್ಕೆ ತಿರುವುಮುರುವು. ಬೆಳಗ್ಗೆ ಅಂತರಗಂಗೆ ಮತ್ತು ಬೆಟ್ಟದ ಮೇಲಿನ ಊರಾದ ತೇರಹಳ್ಳಿ, ಆಮೇಲೆ ಹೆದ್ದಾರಿಯಲ್ಲಿ ಮುಳಬಾಗಿಲು ಕಡೆ ಹೋಗಿ ಆವನಿ, ಅಲ್ಲಿಂದ ಬೇತಮಂಗಲದ ಮೇಲೆ ಕೆಜಿಎಫ್, ಸಂಜೆ ಬಂಗಾರಪೇಟೆ, ಮತ್ತೆ ಕೋಲಾರ. ಎಲ್ಲಾ ಸೇರಿ 120–130 ಕಿ.ಮೀ. ಆಸುಪಾಸು. ಮುಳಬಾಗಿಲಿನ ಆಚೆಯ ಕುರುಡುಮಲೆಯನ್ನೂ ಇದರೊಳಗೆ ತುರುಕಿದರೆ ಯಾವುದೂ ಸರಿಯಾಗಿ ಆಗುವುದಿಲ್ಲ, ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.

ಈ ಕ್ರಮಕ್ಕೆ ಮೊದಲ ಕಾರಣ ಬಂಡೆ. ಅಂತರಗಂಗೆ ಇರುವ ಶತಶೃಂಗ ಬೆಟ್ಟದ ಬೋಳು ಗ್ರಾನೈಟ್ ಹತ್ತು ಗಂಟೆಗೆಲ್ಲ ಕಾಯಲು ಶುರುವಾಗುತ್ತದೆ, ಸೂರ್ಯ ಇಳಿದ ಮೇಲೂ ಬೇಗ ಆರುವುದಿಲ್ಲ. ಆರು, ಆರೂವರೆಗೆ ಮೆಟ್ಟಿಲು ಹತ್ತಲು ಶುರು ಮಾಡಿದರೆ ಬಸವನ ಬಾಯಿಂದ ನೀರು ಬೀಳುವ ಕಾಶಿ ವಿಶ್ವೇಶ್ವರನ ಗುಡಿ ದಾಟಿ, ಮೇಲಿನ ಗುಹೆಗಳನ್ನೂ ತಂಪಿನಲ್ಲೇ ಮುಗಿಸಬಹುದು. ಗುಹೆ ಅಂದರೆ ಒಂದರ ಮೇಲೊಂದು ಬಿದ್ದ ಬಂಡೆಗಳ ನಡುವಿನ ಸಂದು. ಕೆಲವು ಕಡೆ ಅಡ್ಡ ತಿರುಗಿಯೇ ನುಸುಳಬೇಕು. ಬ್ಯಾಗು ಬೆನ್ನಿಗಿದ್ದರೆ ಸಿಕ್ಕಿಕೊಳ್ಳುತ್ತದೆ, ಮುಂದಕ್ಕೆ ಹಾಕಿಕೊಳ್ಳಿ. ಟಾರ್ಚ್ ತಲೆಗೆ ಕಟ್ಟುವಂಥದ್ದೇ ಆಗಬೇಕು, ಎರಡು ಕೈಯೂ ಬಂಡೆ ಹಿಡಿಯಲು ಬೇಕಾಗುತ್ತದೆ. ದಾರಿ ಬಲ್ಲ ಸ್ಥಳೀಯರಿಲ್ಲದೆ ಒಳಗೆ ಹೋಗಬೇಡಿ. ಮಳೆ ಬಿದ್ದ ಮರುದಿನವಂತೂ ಬೇಡವೇ ಬೇಡ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಯಾವ ಶೂ ಕೂಡ ನಿಲ್ಲುವುದಿಲ್ಲ. ಕೋತಿಗಳಿಗೆ ಪ್ಲಾಸ್ಟಿಕ್ ಕವರ್ ಸದ್ದು ಕೇಳಿಸಿದರೆ ಸಾಕು; ತಿಂಡಿಯನ್ನು ಕೆಳಗೆ ಡಿಕ್ಕಿಯಲ್ಲೇ ಬಿಡಿ.

ತೇರಹಳ್ಳಿ ರಸ್ತೆ ಹತ್ತುವಾಗ ತೊಂದರೆ ಕೊಡುವುದಿಲ್ಲ, ಇಳಿಯುವಾಗ ಕೊಡುತ್ತದೆ. ಗೇರ್ ಬೈಕಾದರೆ ಎರಡನೇ ಗೇರಿನಲ್ಲಿ, ಕ್ಲಚ್ ಹಿಡಿಯದೆ ಇಳಿಸಿ. ಗೇರ್ ಇಲ್ಲದ ಸ್ಕೂಟರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ವೇಗ ತಗ್ಗಿದರೆ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತದೆ, ಇಂಜಿನ್ ಹಿಡಿತ ಹೋಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಇಬ್ಬರಿದ್ದರೆ ಮಧ್ಯೆ ಒಮ್ಮೆ ನಿಲ್ಲಿಸಿ ಬ್ರೇಕ್ ಆರಲು ಬಿಡಿ. ಬ್ರೇಕ್ ಲಿವರ್ ಮೆತ್ತಗಾಗಿ ಒಳಗೆ ಹೋಗತೊಡಗಿತು ಅಂದರೆ ನಿಲ್ಲಿಸುವುದು ಆಗಲೇ ತಡವಾಗಿದೆ.

ಕೋಲಾರಕ್ಕಿಳಿದು ತಿಂಡಿ ಮುಗಿಸಿ, ಪೆಟ್ರೋಲನ್ನೂ ಅಲ್ಲೇ ಹಾಕಿಸಿಕೊಂಡು ಹೊರಡಿ. ಆವನಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪು ಸಾಕು. ಬೆಟ್ಟದ ಮೇಲಿನ ಸೀತೆಯ ಗುಡಿಗೆ ಆ ಹೊತ್ತಿನ ಬಿಸಿಲಲ್ಲಿ ಹತ್ತುವುದು ಸುಮ್ಮನೆ ಕಾಲು ಸುಟ್ಟುಕೊಳ್ಳುವ ಕೆಲಸ.

ಆವನಿಯಿಂದ ಮುಂದೆ ಕಣ್ಣು ನೆಲದ ಮೇಲಿರಲಿ. ಅಲ್ಲಿವರೆಗೆ ಕಂಡದ್ದೆಲ್ಲ ಬೂದು ಗ್ರಾನೈಟ್, ಪಟ್ಟೆ ಪಟ್ಟೆಯ ನೈಸ್ (gneiss) ಬಂಡೆ. ಬೇತಮಂಗಲದಲ್ಲಿ ಪಾಲಾರ್ ಕೆರೆ ಸಿಗುತ್ತದೆ, ಗಣಿಯೂರಿಗೆ ನೀರು ಹೋಗುತ್ತಿದ್ದದ್ದು ಇಲ್ಲಿಂದಲೇ. ಕೆಜಿಎಫ್ ಹತ್ತಿರವಾಗುತ್ತಿದ್ದಂತೆ ಗುಂಡು ಬಂಡೆಗಳು ಹಿಂದುಳಿದು, ಪದರ ಪದರವಾದ ಕಪ್ಪು ಕಲ್ಲು ಶುರುವಾಗುತ್ತದೆ. ಇದೇ ಕೋಲಾರ ಶಿಸ್ಟ್ ಪಟ್ಟಿ: ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿ.ಮೀ. ಉದ್ದ, ಅಗಲ ಮಾತ್ರ ಕೆಲವೇ ಕಿ.ಮೀ. ಚಿನ್ನ ಇದ್ದದ್ದು ಈ ಕಪ್ಪು ಕಲ್ಲಿನ ನಡುವೆ ಹಾದ ಬಿಳಿ ಸ್ಫಟಿಕಶಿಲೆಯ ಎಳೆಗಳಲ್ಲಿ. ಆ ಎಳೆ ಹಿಡಿದು ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿಯಿತು. ಕಲ್ಲಿನಲ್ಲಿ ಆಸಕ್ತಿ ಇರುವವರು ಹತ್ತಿರದ ಪೆದ್ದಪಲ್ಲಿಯಲ್ಲಿ ನಿಲ್ಲಿ. ಹಳೆಯ ಜ್ವಾಲಾಮುಖಿಯ ಕಲ್ಲುಗಳಿಗಾಗಿ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಕೆಜಿಎಫ್ ಒಂದು ಊರಲ್ಲ, ಸಾಲು ಊರು: ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಊರಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ. ಮ್ಯಾಪಿನಲ್ಲಿ ಬರೀ 'ಕೆಜಿಎಫ್' ಅಂತ ಹಾಕಿದರೆ ಪೇಟೆಯ ನಡುವೆ ತಂದು ಬಿಡುತ್ತದೆ; ಊರಗಾಂ ಅಥವಾ ಮಾರಿಕುಪ್ಪಂ ರೈಲು ನಿಲ್ದಾಣ ಹಾಕಿ. ಬಂಗಾರಪೇಟೆಯಿಂದ ಬರುವ ಹಳಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ, ರಸ್ತೆಯೂ ಹೆಚ್ಚುಕಡಿಮೆ ಅದರ ಜೊತೆಗೇ ಇದೆ. ದಾರಿ ಕೇಳಿದರೆ ಉತ್ತರ ತಮಿಳಿನಲ್ಲಿ ಬರಬಹುದು, ಕನ್ನಡದಲ್ಲಿ ಕೇಳಿದರೂ ನಡೆಯುತ್ತದೆ. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದ ಜಾಗ ಇದು. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ಕ್ಕೆ. ಗಣಿ ಬಾವಿಯ ಬಾಯಿ ಮೇಲಿನ ಕಬ್ಬಿಣದ ಗೋಪುರ, ಅದರ ತುದಿಯ ಚಕ್ರ ರಸ್ತೆಯಿಂದಲೇ ಕಾಣುತ್ತವೆ, ಅಷ್ಟಕ್ಕೇ ನಿಲ್ಲಿ. ಬೇಲಿಯೊಳಗೆ ಅನುಮತಿ ಇಲ್ಲದೆ ಪ್ರವೇಶವಿಲ್ಲ, ಕಾವಲಿದೆ. ಕಾವಲಿಲ್ಲದ ಕಡೆ ಪೊದೆಯೊಳಗೆ ನುಗ್ಗುವುದು ಇನ್ನೂ ಅಪಾಯ, ಹಳೆಯ ಗುಂಡಿಗಳು ಕಣ್ಣಿಗೆ ಬೀಳುವುದಿಲ್ಲ.

ಇನ್ನು ಸೈನೈಡ್ ದಿಬ್ಬಗಳು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯನ್ನು ನೂರಕ್ಕೂ ಹೆಚ್ಚು ವರ್ಷ ಸುರಿದ ರಾಶಿ ಇದು. ಬೇರು ಹಿಡಿಯದ ಸಡಿಲ ಪುಡಿಯಾದ್ದರಿಂದ ಪ್ರತಿ ಮಳೆಯೂ ಅದನ್ನು ಕೊರೆದು ಕೊರಕಲು ಮಾಡುತ್ತದೆ. ನಾಲ್ಕೂವರೆಯ ಓರೆ ಬಿಸಿಲಿಗೆ ಆ ಕೊರಕಲುಗಳಲ್ಲಿ ನೆರಳು ತುಂಬಿದಾಗ ಕಣಿವೆಗಳಂತೆ ಕಾಣುತ್ತವೆ. ಸುತ್ತನ್ನು ಹೀಗೆ ಹೆಣೆಯಲು ಇನ್ನೊಂದು ಕಾರಣ, ಆ ಹೊತ್ತಿಗೆ ಇಲ್ಲಿರಲಿ ಅಂತ. ಮಧ್ಯಾಹ್ನ ಬಂದರೆ ಬರೀ ಬೂದಿಬಣ್ಣದ ಗೋಡೆ. ಫೋಟೊ ರಸ್ತೆಯಿಂದಲೇ ತೆಗೆಯಿರಿ. ಅಂಚು ಒಳಗಿಂದ ಟೊಳ್ಳಾಗಿ, ಕಾಲಿಟ್ಟರೆ ಕುಸಿಯುತ್ತದೆ. ಮಳೆಯ ನಂತರ ಬುಡದ ಕೆಸರಿನಲ್ಲಿ ಬೈಕ್ ಹೂತರೆ ತಳ್ಳಲಾಗದು. ಬೇಸಿಗೆ ಗಾಳಿಯಲ್ಲಿ ಏಳುವ ದೂಳು ನುಣ್ಣನೆಯ ಕಲ್ಲುಪುಡಿ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾಸ್ಕ್ ಇರಲಿ, ಹೆಲ್ಮೆಟ್ ಗಾಜು ಕೆಳಗಿರಲಿ. ಗಾಳಿ ಜೋರಿದ್ದರೆ ನಾನು ಅಲ್ಲಿ ನಿಲ್ಲುವುದೇ ಇಲ್ಲ. ಮನೆಗೆ ಬಂದ ಮೇಲೆ ಏರ್ ಫಿಲ್ಟರ್ ಬಿಚ್ಚಿ ನೋಡಿ, ಚೈನಿನ ಹಳೇ ಎಣ್ಣೆ ಒರೆಸಿ ತೆಗೆದು ಹೊಸದು ಹಾಕಿ.

ಆರು ಗಂಟೆಗೆ ಬಂಗಾರಪೇಟೆ ತಲುಪಿದರೆ ಪಾನಿಪುರಿ ಗಾಡಿಗಳು ಬಿರುಸಾಗಿರುತ್ತವೆ. ಇಲ್ಲಿನ ಪಾನಿ ಹಸಿರಲ್ಲ, ನೀರಿನಷ್ಟೇ ತಿಳಿ. ಬಣ್ಣ ನೋಡಿ ಖಾರ ಇಲ್ಲ ಅಂದುಕೊಳ್ಳಬೇಡಿ. ಅಲ್ಲಿಂದ ಕೋಲಾರ ಅರ್ಧ ಗಂಟೆಯ ದಾರಿ.