ಕಾಫಿ ಕಣದಲ್ಲೇ ವ್ಯಾಯಾಮ: ಬೆನ್ನುಹುರಿಗೆ ಪೆಟ್ಟಾದವರಿಗೆ

ಮೆಣಸು ಕೊಯ್ಯುವ ಏಣಿಯಿಂದಲೋ ಮರಗಸಿ ಮಾಡುವಾಗಲೋ ಬಿದ್ದು ವೀಲ್‌ಚೇರ್ ಹಿಡಿದವರಿಗೆ ಕೊಡಗಿನ ಏರುತಗ್ಗಿನ ರಸ್ತೆ ಒಗ್ಗದು. ಇಳಿಜಾರಲ್ಲಿ ರಿಮ್ ಹಿಡಿದು ತಡೆದರೆ ಅಂಗೈ ಸುಲಿಯುತ್ತದೆ. ಮನೆ ಮುಂದಿನ ಕಾಫಿ ಕಣವೇ ವಾಸಿ, ನೆಲ ಸಿಮೆಂಟು, ಹೆಚ್ಚುಕಮ್ಮಿ ಸಮ. ಕಾಫಿ ಹರಡಿದ್ದರೆ ಅಂಚಿನಲ್ಲಿ ದಾರಿ ಬಿಡಿಸಿಕೊಳ್ಳಿ. ಮಳೆಗಾಲದಲ್ಲಿ ಪಾಚಿ ಜಾರುತ್ತದೆ, ಆಗ ಜಗಲಿ ಸಾಕು.

ಎಷ್ಟು ಮಾಡಬೇಕು? ಮೈಕಸುವಿಗೆ ವಾರದಲ್ಲಿ 2 ದಿನ, ದಿನಕ್ಕೆ ಕನಿಷ್ಠ 20 ನಿಮಿಷ ಉಸಿರು ಏರುವಷ್ಟು ಚೇರ್ ತಳ್ಳಬೇಕು. ಜತೆಗೆ ಕೆಲಸ ಮಾಡುವ ಪ್ರತಿ ದೊಡ್ಡ ಸ್ನಾಯುವಿಗೂ 3 ಸೆಟ್. ಸಕ್ಕರೆ, ಹೃದಯ ಹತೋಟಿಯಲ್ಲಿರಲು 30 ನಿಮಿಷದಂತೆ 3 ದಿನ. 2018ರ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಲೆಕ್ಕವಿದು. ಮೊದಲ ವಾರ 5 ನಿಮಿಷಕ್ಕೇ ನಿಲ್ಲಿಸಿದರೂ ತಪ್ಪಿಲ್ಲ. ಪೆಟ್ಟು ಟಿ6ಕ್ಕಿಂತ (ಎದೆಭಾಗದ ಆರನೇ ಬೆನ್ನೆಲುಬಿನ ಮಟ್ಟ) ಮೇಲಿದ್ದರೆ ನಾಡಿ ಅಷ್ಟು ಏರದು, ಅದನ್ನು ನಂಬಬೇಡಿ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅದೇ ಹದ.

ಹೆಚ್ಚು ಕೆಡುವುದು ಭುಜ. ದಿನವಿಡೀ ತಳ್ಳಿ ತಳ್ಳಿ ಎದೆ ಬಿಗಿಯುತ್ತದೆ, ಬೆನ್ನಿನ ಮೇಲ್ಭಾಗ ಸೋಲುತ್ತದೆ, ಭುಜದ ಕೀಲಿನಲ್ಲಿ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಬೆಸೆಯುವ ಪಟ್ಟಿ) ಉಜ್ಜಿ ನೋವು ಶುರು. ಮದ್ದು ಹಳೇ ಸೈಕಲ್ ಟ್ಯೂಬು. ಕಿಟಕಿ ಕಂಬಿಗೆ ಹೊಟ್ಟೆಯ ಎತ್ತರಕ್ಕೆ ಕಟ್ಟಿ. ಬ್ರೇಕ್ ಹಾಕಿ, ಚಕ್ರದ ಮುಂದೆ ಇಟ್ಟಿಗೆ ಇಡಿ, ಇಲ್ಲದಿದ್ದರೆ ಎಳೆದಾಗ ಚೇರೇ ಮುಂದಕ್ಕೆ ಹೋದೀತು. ಮೊಣಕೈ ಹಿಂದಕ್ಕೆ ಎಳೆದು, ಹೆಗಲ ಮೂಳೆಗಳನ್ನು ಹತ್ತಿರ ತಂದು, ನಿಧಾನ ಬಿಡಿ: 10 ಸಲ, 3 ಸೆಟ್, ನಡುವೆ ಒಂದೆರಡು ನಿಮಿಷ ಬಿಡುವು. ಹಿಡಿತವಿಲ್ಲದವರು ಮಣಿಕಟ್ಟಿಗೆ ಅಗಲದ ಬಟ್ಟೆಪಟ್ಟಿ ಸುತ್ತಿ ಟ್ಯೂಬು ಸಿಕ್ಕಿಸಿ. ಸಣ್ಣ ದಾರ ಚರ್ಮ ಕೊಯ್ಯುತ್ತದೆ. ಚೇರ್ ತಳ್ಳುವಾಗಲೂ ಗಿಡ್ಡ ಗಿಡ್ಡ ತಳ್ಳು ಬೇಡ. ಉದ್ದಕ್ಕೆ ತಳ್ಳಿ, ಕೈಯನ್ನು ರಿಮ್‌ಗಿಂತ ಕೆಳಗೆ ಇಳಿಬಿಟ್ಟು ಮತ್ತೆ ಹಿಡಿಯಿರಿ.

ಟಿ6 ಅಥವಾ ಅದಕ್ಕೂ ಮೇಲೆ ಪೆಟ್ಟಾದವರು ಶುರು ಮಾಡುವ ಮುನ್ನ ಮೂತ್ರಕೋಶ ಖಾಲಿ ಮಾಡಿ, ಕ್ಯಾತಿಟರ್ (ಮೂತ್ರದ ಕೊಳವೆ) ಮಡಚಿಲ್ಲವೇ ನೋಡಿ. ತುಂಬಿದ್ದರೆ ಬಿಪಿ ಧಿಡೀರ್ ಏರಿ ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ. ಆಗ ಮಲಗಿಸಲೇಬಾರದು. ನೆಟ್ಟಗೆ ಕೂರಿಸಿ, ಕಾಲು ಇಳಿಬಿಟ್ಟು, ಬೆಲ್ಟು ಸಡಿಲಿಸಿ, ಮೂತ್ರ, ಮಲ, ಚರ್ಮ ಈ ಕ್ರಮದಲ್ಲಿ ಕಾರಣ ಹುಡುಕಿ. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ.

ಕೂತಲ್ಲೇ ಇದ್ದರೆ ಹುಣ್ಣು ಖಚಿತ. 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಿ ಒಂದೆರಡು ನಿಮಿಷ ಇರಿ.

ಮಳೆಗಾಲದ ಚಳಿಗೆ ಬೆಂಕಿ ಕಾಯಿಸುವಾಗ ಕಾಲು ಸುಟ್ಟರೂ ತಿಳಿಯದು, ಒಲೆಯಿಂದ ದೂರ ಕೂರಿಸಿ. ಇಂಬಳ ಕಚ್ಚಿದ್ದೂ ಹಾಗೆಯೇ. ವ್ಯಾಯಾಮ ಮುಗಿದ ಮೇಲೆ ಸಾಕ್ಸ್ ಬಿಚ್ಚಿ ಕಾಲ್ಬೆರಳ ಸಂದು, ಹಿಮ್ಮಡಿ ಕನ್ನಡಿ ಹಿಡಿದು ನೋಡಿ.